ವನಸ್ಪತಿಕಾಯ ವಿವೇಕ

ಆಷಾಢ ಶುಕ್ಲ ಚತುರ್ದಶಿಯಂದು ಮುನಿಸಂಘಗಳು ವರ್ಷಾಯೋಗವನ್ನು ಕೈಕೊಳ್ಳುತ್ತವೆ. ಅಂದಿನಿಂದ ಕಾರ್ತಿಕ ಮಾಸದವರೆಗೆ ವಿಹಾರವಿಲ್ಲ. ಒಂದೇ ಕ್ಷೇತ್ರದಲ್ಲಿ ವಾಸ, ಸ್ವಾಧ್ಯಾಯ, ಧ್ಯಾನ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ವ್ರತಿಗೂ ಮಳೆಗಾಲದ ದಾರಿಯಲ್ಲಿ ನಿರ್ಜೀವವಾದ ತಾಣ ದೊರೆಯುವುದು ಕಷ್ಟ. ಬೇಸಿಗೆಯಲ್ಲಿ ಬರಿಗಲ್ಲಾಗಿದ್ದ ಬಸದಿಯ ಮೆಟ್ಟಿಲು ನಾಲ್ಕು ಮಳೆಗೆ ಹಸಿರಾಗುತ್ತದೆ; ಪೌಳಿಯ ಗೋಡೆಯ ಮೇಲೆ ಹಾವಸೆ ಹಬ್ಬುತ್ತದೆ; ಕಲ್ಲಿನ ಸಂದಿನಿಂದ ಜರೀಗಿಡ ಇಣುಕುತ್ತದೆ. ನೆಲವೇ ಜೀವಮಯವಾಗಿರುವಾಗ ನಡೆಯುವುದನ್ನು ನಿಲ್ಲಿಸುವುದೇ ದಯೆ.

ಮುನಿಗಳು ನಡಿಗೆಯನ್ನು ನಿಗ್ರಹಿಸಿದಂತೆ ಶ್ರಾವಕರು ಈ ನಾಲ್ಕು ತಿಂಗಳಲ್ಲಿ ನಾಲಿಗೆಯನ್ನು ನಿಗ್ರಹಿಸುತ್ತಾರೆ. ಕೆಲವರು ಸೊಪ್ಪನ್ನು ತ್ಯಜಿಸುತ್ತಾರೆ. ಕೆಲವರು ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ವಸ್ತುವನ್ನೆಲ್ಲ ಬಿಡುತ್ತಾರೆ. ಕಂದಮೂಲಗಳನ್ನು ಯಾವಜ್ಜೀವ ತ್ಯಜಿಸಿದವರೂ ಅನೇಕರಿದ್ದಾರೆ. ಈ ವ್ರತಗಳು ಬಹುಮಟ್ಟಿಗೆ ಅಡಿಗೆಮನೆಯ ಮಾರ್ಗವಾಗಿಯೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ಅದು ಕುಲದ ಭಾಗ್ಯವೇ ಸರಿ. ಆದರೆ ಕಾರಣವನ್ನು ತಿಳಿಯದೆ ಪಡೆದ ವ್ರತವು ಮೊದಲನೆಯ ಪ್ರಶ್ನೆಗೇ ಅಲುಗಾಡುತ್ತದೆ.

ದೃಷ್ಟಾಂತಕ್ಕಾಗಿ ಮಲೆನಾಡಿನ ಒಂದು ಶ್ರಾವಕ ಕುಟುಂಬವನ್ನು ಭಾವಿಸಿಕೊಳ್ಳಬಹುದು. ಮನೆಯ ಹಿರಿಯ ಅಜ್ಜಿ ಪರ್ವದಿನಗಳಲ್ಲಿ ಹಸಿರನ್ನು ಮುಟ್ಟಿದವರಲ್ಲ. ಗೆಡ್ಡೆಗೆಣಸು ಆ ಮನೆಯ ಹೊಸಿಲನ್ನು ದಾಟಿದ್ದೇ ಇಲ್ಲ. ಮೊಮ್ಮಗಳು ಪಟ್ಟಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದುತ್ತಿದ್ದಾಳೆ. ರಜೆಗೆ ಬಂದವಳು ಒಂದು ಸಂಜೆ ಕೇಳಿದಳು: “ಅಜ್ಜೀ, ನೀವು ಮಣ್ಣಿನೊಳಗಿನದನ್ನೆಲ್ಲ ಬೇರು ಎನ್ನುತ್ತೀರಿ. ಆಲೂಗಡ್ಡೆ ಬೇರಲ್ಲ, ಅದು ಕಾಂಡ. ಶುಂಠಿಯೂ ಕಾಂಡವೇ. ಈರುಳ್ಳಿಯಲ್ಲಿ ತಿನ್ನುವುದು ಎಲೆಗಳ ಬುಡವನ್ನು. ಅದಿರಲಿ, ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರು ಬಂದ ಮೇಲೆಯೇ ಈ ದೇಶಕ್ಕೆ ಬಂದದ್ದು. ನಮ್ಮ ಆಚಾರ್ಯರು ಅದನ್ನು ಕಂಡೇ ಇರಲಿಲ್ಲ. ಹೆಸರೇ ಹೇಳದುದನ್ನು ಬಿಡುವುದು ವ್ರತ ಹೇಗಾಯಿತು? ನಾನು ಇನ್ನು ಬಿಡುವುದಿಲ್ಲ.”

ಅಜ್ಜಿಯ ಮುಂದೆ ಹುರುಳಿಕಾಯಿಯ ಮೊರವಿತ್ತು. ಅವರು ಸಿಟ್ಟಾಗಲಿಲ್ಲ. “ಹೆಸರುಗಳೆಲ್ಲ ನನಗೆ ತಿಳಿಯದು ಮಗಳೇ. ಮುರಿದು ನೋಡುವುದನ್ನು ಮಾತ್ರ ನಮ್ಮ ಅತ್ತೆಯವರು ಕಲಿಸಿದರು” ಎಂದು ಒಂದು ಎಳೆಯ ಕಾಯನ್ನು ಮುರಿದರು. ಅದು ಟಪ್ಪನೆ ಸಮನಾಗಿ ಎರಡಾಯಿತು. ಬಲಿತ ಇನ್ನೊಂದನ್ನು ಮುರಿದರು. ತುಂಡುಗಳೆರಡೂ ಒಂದು ನಾರಿನಿಂದ ಜೋತಾಡಿದವು. “ನೋಡು, ಇದಕ್ಕೆ ನಾರು ಬಂದಿದೆ” ಎಂದರು.

ಅಜ್ಜಿ ಹೇಳಿದ್ದು ಅಷ್ಟೇ. ಆದರೆ ಆ ಬೆರಳ ತುದಿಯಲ್ಲಿ ಸಾವಿರ ವರ್ಷಗಳ ಶಾಸ್ತ್ರವಿತ್ತು.

ಜಿನಾಗಮವು ಸಂಸಾರಿ ಜೀವಗಳನ್ನು ತ್ರಸ ಮತ್ತು ಸ್ಥಾವರ ಎಂದು ವಿಭಾಗಿಸುತ್ತದೆ. ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿ ಎಂಬ ಐದು ಸ್ಥಾವರಗಳಿಗೂ ಸ್ಪರ್ಶನವೊಂದೇ ಇಂದ್ರಿಯ. ಆದರೂ ಅವಕ್ಕೆ ನಾಲ್ಕು ಪ್ರಾಣಗಳುಂಟು: ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸ. ವನಸ್ಪತಿಕಾಯದಲ್ಲಿ ಮತ್ತೆ ಎರಡು ಭೇದ. ಒಂದು ಶರೀರಕ್ಕೆ ಒಬ್ಬನೇ ಜೀವನು ಸ್ವಾಮಿಯಾಗಿದ್ದರೆ ಅದು ಪ್ರತ್ಯೇಕ ವನಸ್ಪತಿ. ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು, ಒಟ್ಟಿಗೆ ಆಹಾರವನ್ನು ಗ್ರಹಿಸಿ, ಒಟ್ಟಿಗೆ ಉಸಿರಾಡಿ, ಒಟ್ಟಿಗೆ ಹುಟ್ಟಿ ಸಾಯುವುದಾದರೆ ಅದು ಸಾಧಾರಣ ವನಸ್ಪತಿ, ಅಂದರೆ ನಿಗೋದ. ಪ್ರತ್ಯೇಕ ವನಸ್ಪತಿಯೂ ನಿಗೋದಜೀವಗಳಿಗೆ ಆಶ್ರಯವಾಗಿದ್ದರೆ ಸಪ್ರತಿಷ್ಠಿತ; ಇಲ್ಲದಿದ್ದರೆ ಅಪ್ರತಿಷ್ಠಿತ.

ಈ ಭೇದವನ್ನು ಕಣ್ಣಿಗೆ ಕಾಣುವ ಗಿಡದಲ್ಲಿ ಗುರುತಿಸುವುದು ಹೇಗೆ? ಹತ್ತನೆಯ ಶತಮಾನದಲ್ಲಿ, ಗಂಗರಾಜ್ಯದ ಮಂತ್ರಿ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಇದಕ್ಕೆ ಉತ್ತರವಿದೆ. 1359ರಲ್ಲಿ ಕೇಶವವರ್ಣಿಯು ಆ ಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದುದರಿಂದ ಈ ವಿಚಾರವು ಕನ್ನಡಿಗರಿಗೆ ಪರಕೀಯವಲ್ಲ. ಯಾವ ಸಸ್ಯಭಾಗದ ಸಿರೆ, ಸಂಧಿ, ಗಿಣ್ಣುಗಳು ಇನ್ನೂ ಹೊರಗೆ ಕಾಣಿಸವೋ, ಯಾವುದು ಮುರಿದಾಗ ಸಮನಾಗಿ ಒಡೆಯುವುದೋ, ಒಡೆದಲ್ಲಿ ಎಳೆ ತೋರದೋ, ಕತ್ತರಿಸಿದರೂ ಮತ್ತೆ ಚಿಗುರುವುದೋ ಅದು ಅನಂತಕಾಯದ ಆಶ್ರಯ. ಈ ಲಕ್ಷಣಗಳಿಗೆ ವಿಪರೀತವಾದುದು ಅಪ್ರತಿಷ್ಠಿತ. ಬೇರು, ಕಂದ, ತೊಗಟೆ, ಚಿಗುರು, ಕೊಂಬೆ, ಎಲೆ, ಹೂ, ಹಣ್ಣು, ಬೀಜ ಎಲ್ಲದಕ್ಕೂ ಇದೇ ಪರೀಕ್ಷೆ. ಮೊಮ್ಮಗಳ ಒಂದು ಪ್ರಶ್ನೆಗೆ ಇಲ್ಲಿಯೇ ಸಮಾಧಾನವಿದೆ. ಆಚಾರ್ಯರು ಗಿಡಗಳ ಹೆಸರುಗಳ ಜೊತೆಗೆ ಲಕ್ಷಣಗಳನ್ನೂ ಕೊಟ್ಟರು. ಹೆಸರುಗಳು ದೇಶಕಾಲಗಳಿಗೆ ಕಟ್ಟುಬಿದ್ದವು. ಲಕ್ಷಣವು ಮುಂದೆಂದೋ ಬರುವ ಗಿಡಕ್ಕೂ ಅನ್ವಯಿಸುತ್ತದೆ. ಆಲೂಗಡ್ಡೆಯನ್ನು ಕಾಣದವರೂ ಅದನ್ನು ಅಳೆಯುವ ಕೋಲನ್ನು ಕೊಟ್ಟುಹೋಗಿದ್ದಾರೆ.

ಈಗ ಮೊಮ್ಮಗಳ ಪುಸ್ತಕದ ಕಡೆಗೆ ನೋಡಬಹುದು. ಆಧುನಿಕ ಸಸ್ಯಶಾಸ್ತ್ರವೂ ವಿಭಾಗಕ್ಕೆ ಹೊರಟಾಗ ಮೊದಲು ಹುಡುಕುವ ಗುರುತುಗಳಲ್ಲಿ ಒಂದು ಈ ಸಿರೆಯೇ. ಸ್ವೀಡನ್ ದೇಶದ ಲಿನೇಯಸ್ ಹದಿನೆಂಟನೆಯ ಶತಮಾನದಲ್ಲಿ ಹೂವಿನ ಕೇಸರಗಳನ್ನು ಎಣಿಸಿ ವರ್ಗಗಳನ್ನು ಮಾಡಿದನು. 1753ರ ಅವನ ಗ್ರಂಥದಿಂದ ಗಿಡಗಳಿಗೆ ಎರಡು ಪದಗಳ ಹೆಸರು ಸ್ಥಿರವಾಯಿತು. ಆಮೇಲಿನ ವಿದ್ವಾಂಸರು ಒಳರಚನೆಯನ್ನೂ ವಂಶಸಂಬಂಧವನ್ನೂ ಆಧಾರವಾಗಿ ಹಿಡಿದರು. ಇಂದಿನ ಸಾಮಾನ್ಯ ವಿಭಾಗ ಹೀಗಿದೆ: ನೀರು ಹರಿಸುವ ನಿಜವಾದ ಸಿರೆಗಳಿಲ್ಲದ ಹಾವಸೆಯ ಬಳಗ, ಸುಮಾರು 20,000 ಜಾತಿಗಳು, ಸಿರೆಯಿದ್ದೂ ಬೀಜವಿಲ್ಲದ ಜರೀಗಿಡಗಳ ಬಳಗ, ಸುಮಾರು 12,000, ಬೀಜವಿದ್ದೂ ಹಣ್ಣಿನ ಹೊದಿಕೆಯಿಲ್ಲದ ಪೈನ್, ದೇವದಾರು, ಸೈಕಸ್ ಮುಂತಾದ ನಗ್ನಬೀಜಗಳು, ಸುಮಾರು 1,000, ಹೂ ಬಿಟ್ಟು ಬೀಜವನ್ನು ಹಣ್ಣಿನೊಳಗಿಡುವ ಗಿಡಮರಗಳು, ಮೂರು ಲಕ್ಷಕ್ಕೂ ಮಿಗಿಲು.

ಈ ಶ್ರೇಣಿಯ ಹಿಂದೆ ಒಂದು ದೀರ್ಘ ಕಥೆಯಿದೆ. ಆಗಮದ ದೃಷ್ಟಿಯಲ್ಲಿ ಲೋಕವು ಅನಾದಿ. ಇಲ್ಲಿ ಬರುವ ಕಾಲಗಣನೆ ಶಿಲೆಗಳನ್ನು ಓದುವ ವಿಜ್ಞಾನಿಗಳದು. ಅವರ ಪ್ರಕಾರ ಹಸಿರು ಸಸ್ಯಗಳ ಪೂರ್ವಿಕರು ನೀರಿನ ಪಾಚಿಗಳು. ನೀರಿನಲ್ಲಿ ಅವಕ್ಕೆ ಕೊರತೆಯಿರಲಿಲ್ಲ: ನೀರೇ ದೇಹವನ್ನು ಎತ್ತಿ ಹಿಡಿಯುತ್ತಿತ್ತು, ಸುತ್ತಲಿಂದಲೂ ಆಹಾರ ಒದಗುತ್ತಿತ್ತು, ಪುಂಬೀಜವು ಈಜಿಯೇ ಸ್ತ್ರೀಬೀಜವನ್ನು ಸೇರುತ್ತಿತ್ತು. ಸುಮಾರು 47 ಕೋಟಿ ವರ್ಷಗಳ ಹಿಂದಿನ ಬಂಡೆಗಳಲ್ಲಿ ನೆಲದ ಸಸ್ಯಗಳ ಬೀಜಕಣಗಳು ಮೊದಲಾಗಿ ದೊರೆಯುತ್ತವೆ. ನೆಲಕ್ಕೆ ಬಂದೊಡನೆ ನಾಲ್ಕು ಕಷ್ಟಗಳು ಎದುರಾದವು: ಬಿಸಿಲಿಗೆ ಒಣಗದಿರುವುದು, ಆಸರೆಯಿಲ್ಲದೆ ನಿಲ್ಲುವುದು, ಮಣ್ಣಿನ ನೀರನ್ನು ಮೇಲಕ್ಕೊಯ್ಯುವುದು, ನೀರಿಲ್ಲದೆ ಸಂತಾನವನ್ನು ಪಡೆಯುವುದು.

ಹಾವಸೆಯು ಈ ಕಷ್ಟಗಳಿಗೆ ಕುಳ್ಳಾಗಿದ್ದುಕೊಂಡೇ ಉತ್ತರ ಕಂಡುಕೊಂಡಿತು. ಅದಕ್ಕೆ ನಿಜವಾದ ಬೇರಿಲ್ಲ. ಮೈಯೆಲ್ಲವೂ ನೀರನ್ನು ಹೀರುತ್ತದೆ. ಅದರ ಪುಂಬೀಜ ಇಂದಿಗೂ ಮಳೆಹನಿಯಲ್ಲಿ ಈಜಿಯೇ ಸಾಗಬೇಕು. ಬೇಸಿಗೆಯಲ್ಲಿ ಅನೇಕ ಹಾವಸೆಗಳು ಒಣಗಿ ಕಂದು ಹುಡಿಯಂತಾಗುತ್ತವೆ, ಸತ್ತವೆಂದು ತೋರುತ್ತದೆ. ಮಳೆ ಬಿದ್ದ ಕೆಲವೇ ಗಳಿಗೆಗಳಲ್ಲಿ ಅವು ಹಸಿರಾಗುತ್ತವೆ. ಬಸದಿಯ ಮೆಟ್ಟಿಲಿನಲ್ಲಿ ಆಷಾಢದಲ್ಲಿ ಕಾಣುವ ಹಸಿರಿನ ಒಂದು ಭಾಗ ವೈಶಾಖದಲ್ಲಿಯೂ ಅಲ್ಲಿಯೇ ಇತ್ತು. ಕಣ್ಣಿಗೆ ಮಾತ್ರ ಕಾಣಲಿಲ್ಲ.

ಜರೀಗಿಡಗಳ ಬಳಗದಲ್ಲಿ ಸಿರೆಯು ಬಲವಾಯಿತು. ಲಿಗ್ನಿನ್ ಎಂಬ ಗಟ್ಟಿ ಪದಾರ್ಥವು ಸಿರೆಯ ಗೋಡೆಗಳನ್ನು ಬಿಗಿಮಾಡಿತು. ಇದರಿಂದ ಒಂದೇ ಎಳೆಯು ನೀರಿನ ನಾಳವೂ ಆಯಿತು, ಗಿಡವನ್ನು ನಿಲ್ಲಿಸುವ ಕಂಬವೂ ಆಯಿತು. ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಶಿಲೆಯಲ್ಲಿ ಸುಮಾರು 40 ಕೋಟಿ ವರ್ಷಗಳ ಹಿಂದಿನ ಪುಟ್ಟ ಗಿಡಗಳು ಸಿರೆ ಮತ್ತು ಪತ್ರರಂಧ್ರಗಳ ಸಮೇತ ಉಳಿದುಬಂದಿವೆ. ಅವುಗಳ ಅಂಗಾಂಶದಲ್ಲಿ ಶಿಲೀಂಧ್ರದ ಎಳೆಗಳೂ ಕಂಡಿವೆ. ಇಂದಿಗೂ ಬಹುಪಾಲು ಗಿಡಗಳ ಬೇರಿನಲ್ಲಿ ಶಿಲೀಂಧ್ರವು ನೆಲೆಸಿ ಮಣ್ಣಿನ ಲವಣಗಳನ್ನು ತಂದುಕೊಡುತ್ತದೆ, ಗಿಡವು ಅದಕ್ಕೆ ಸಕ್ಕರೆಯನ್ನು ಕೊಡುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಮಾತಿಗೆ ನೆಲದಡಿಯ ಈ ಕೊಡುಕೊಳ್ಳುವಿಕೆ ಒಳ್ಳೆಯ ನಿದರ್ಶನ.

ಅನಂತರ ಬಂದದ್ದು ಬೀಜ. ಭ್ರೂಣಕ್ಕೆ ಬುತ್ತಿಯನ್ನು ಕಟ್ಟಿ, ಗಟ್ಟಿ ಹೊದಿಕೆಯೊಳಗಿಟ್ಟು, ಕಾಲ ಕೂಡಿಬರುವವರೆಗೆ ಕಾಯಿಸುವ ಉಪಾಯವಿದು. ಪರಾಗವು ಗಾಳಿಯ ಮೇಲೆ ಅಥವಾ ಕೀಟಗಳ ಮೈಮೇಲೆ ಸಾಗಿದ್ದರಿಂದ ಸಂತಾನಕ್ಕೆ ನೀರಿನ ಹಂಗು ತಪ್ಪಿತು. ಚೀನಾದ ಒಣಗಿದ ಕೆರೆಯೊಂದರ ಮಣ್ಣಿನಲ್ಲಿ ಸುಮಾರು 1,300 ವರ್ಷ ಮಲಗಿದ್ದ ತಾವರೆಯ ಬೀಜವೊಂದು ಮೊಳೆತದ್ದುಂಟು. ಬೀಜವು ಒಣಗಿದ್ದರೂ ಯೋನಿಭೂತವಾಗಿರಬಲ್ಲದು, ಅಂದರೆ ಜೀವನ ಉತ್ಪತ್ತಿಗೆ ಯೋಗ್ಯವಾಗಿರಬಲ್ಲದು ಎಂದು ಗೊಮ್ಮಟಸಾರ ಹೇಳುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ ತಿನ್ನಲು ವ್ರತಿಗಳು ಹಿಂಜರಿಯುವುದರ ಮರ್ಮ ಇದೇ.

ಈಗ ಅಜ್ಜಿಯ ಹುರುಳಿಕಾಯಿಯ ಅರ್ಥ ತೆರೆದುಕೊಳ್ಳುತ್ತದೆ. ಎಳೆಯ ಕಾಯಿ ಸಮನಾಗಿ ಮುರಿಯುವುದಕ್ಕೆ ಕಾರಣ, ಅದರ ಸಿರೆಗಳು ಇನ್ನೂ ಗಟ್ಟಿಯಾಗಿಲ್ಲ. ಅದು ಬೆಳವಣಿಗೆಯ ಮಧ್ಯದಲ್ಲಿದೆ. ನಾರು ಬಂದ ಕಾಯಿಯಲ್ಲಿ ಸಿರೆ ಬಲಿತಿದೆ, ಅಂಗ ತನ್ನ ರೂಪವನ್ನು ಪೂರೈಸಿಕೊಂಡಿದೆ. ಕತ್ತರಿಸಿದ ತುಂಡು ಮತ್ತೆ ಚಿಗುರಬೇಕಾದರೆ ಅದರಲ್ಲಿ ಹೊಸ ಗಿಡವಾಗಬಲ್ಲ ಮೊಗ್ಗಾಗಲಿ ಎಳೆಯ ಅಂಗಾಂಶವಾಗಲಿ ಇರಬೇಕು. ಆಚಾರ್ಯರು ಬೆರಳಿನಿಂದ ಪರೀಕ್ಷಿಸಿದ್ದು ಇದನ್ನೇ: ಯಾವ ಭಾಗದಲ್ಲಿ ಬೆಳವಣಿಗೆ ಇನ್ನೂ ತುಂಬಿ ತುಳುಕುತ್ತಿದೆ, ಯಾವ ಭಾಗದಲ್ಲಿ ಅದು ನೆಲೆಗೆ ನಿಂತಿದೆ ಎಂಬುದನ್ನು.

ಗೆಡ್ಡೆಯ ವಿಚಾರಕ್ಕೂ ಇದೇ ಬೆಳಕು. ಮೊಮ್ಮಗಳ ಮಾತು ಸತ್ಯ: ಮೂಲಂಗಿ ಬೇರು, ಆಲೂಗಡ್ಡೆ ಕಾಂಡ, ಈರುಳ್ಳಿ ಎಲೆಯ ಬುಡ. ಆದರೆ ಈ ಮೂರೂ ಮಾಡುವ ಕೆಲಸ ಒಂದೇ. ಬರುವ ಒಣಗಾಲವನ್ನೋ ಚಳಿಯನ್ನೋ ದಾಟಲು ಗಿಡವು ಬಿಸಿಲು ತಾಗದ ಕಡೆ ಬಚ್ಚಿಟ್ಟ ಬುತ್ತಿ ಅದು. ಆಲೂಗಡ್ಡೆಯ ಒಂದೊಂದು ಕಣ್ಣೂ ಒಂದೊಂದು ಮೊಗ್ಗು; ಒಂದೊಂದರಿಂದಲೂ ಒಂದು ಗಿಡ ಏಳಬಲ್ಲದು. ಮರದಲ್ಲಿ ಕಳಿತ ಹಣ್ಣನ್ನು ಕೊಯ್ದರೆ ಮರಕ್ಕೆ ಹಾನಿಯಿಲ್ಲ. ಗೆಡ್ಡೆಯನ್ನು ಕಿತ್ತರೆ ಇಂದಿನ ಗಿಡವೂ ಹೋಯಿತು, ನಾಳಿನ ಗಿಡವೂ ಹೋಯಿತು. ಅಗೆದ ಮಣ್ಣಿನ ಜೀವಗಳಿಗೂ ಘಾತವಾಯಿತು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮುಂತಾದವನ್ನು ವರ್ಜ್ಯವೆಂದು ಹೇಳುವಾಗ ಕೊಡುವ ಕಾರಣವೂ ಇದೇ: ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಬೇರೋ ಕಾಂಡವೋ ಎಂಬುದರ ಮೇಲೆ ಆ ನಿಯಮ ನಿಂತಿಲ್ಲ.

ಇಷ್ಟಾದರೂ ಎರಡು ಶಾಸ್ತ್ರಗಳನ್ನು ಬೆಸೆದು ಒಂದೇ ಎಂದು ಸಾರುವುದು ಸಲ್ಲದು. ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಕೋಶವನ್ನೇ ನಿಗೋದಜೀವವೆಂದು ವೇದಿಕೆಯ ಮೇಲೆ ಹೇಳುವವರುಂಟು. ಅದು ಎರಡಕ್ಕೂ ಅನ್ಯಾಯ. ಕೋಶವು ಶರೀರದ ಘಟಕ, ಜೀವನು ಚೇತನದ್ರವ್ಯ. ಆತ್ಮದ್ರವ್ಯವನ್ನು ಅಳೆಯುವ ಉಪಕರಣ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಮೂಲಾಚಾರವು ಪಾಚಿ, ಬೂಸು, ಅಣಬೆಗಳನ್ನು ವನಸ್ಪತಿಕಾಯದಲ್ಲಿಯೇ ಹೆಸರಿಸುತ್ತದೆ. ವಿಟೇಕರ್ ಎಂಬ ಅಮೆರಿಕದ ವಿದ್ವಾಂಸನು 1969ರಲ್ಲಿ ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿ ಪ್ರತ್ಯೇಕ ಸಾಮ್ರಾಜ್ಯವನ್ನಾಗಿಸಿದನು. ಬೀಜವಿಲ್ಲದೆ ಹುಟ್ಟುವುವನ್ನು ಆಗಮವು ಸಮ್ಮೂರ್ಛಿಮವೆನ್ನುತ್ತದೆ. ಹಾವಸೆಗೆ ಕಣ್ಣಿಗೆ ಕಾಣದ ಬೀಜಕಣವುಂಟೆಂದು ಸಸ್ಯಶಾಸ್ತ್ರ ತೋರಿಸುತ್ತದೆ. ವಿಜ್ಞಾನದ ವಿಭಾಗದ ಗುರಿ ಸಸ್ಯಗಳ ಬಂಧುತ್ವವನ್ನು ತಿಳಿಯುವುದು. ಆಗಮದ ವಿಭಾಗದ ಗುರಿ ತಿಳಿದವನ ಕೈಯನ್ನು ತಡೆಯುವುದು. ಗುರಿಗಳು ಬೇರೆಯಾದ್ದರಿಂದ ಗೆರೆಗಳೂ ಬೇರೆ ಕಡೆ ಬೀಳುತ್ತವೆ. ಇದನ್ನು ಒಪ್ಪಿಕೊಂಡ ಶ್ರಾವಕನಿಗೆ ಕಾಲೇಜಿನ ಪುಸ್ತಕದಿಂದ ಭಯವಿಲ್ಲ.

ವ್ರತಿಯು ಸಸ್ಯದಿಂದಲೇ ಕಲಿಯಬಹುದಾದ ಒಂದು ಪಾಠವೂ ಇದೆ. ನೆಲದ ಗಿಡದ ಎಲೆಗೆ ಮೇಣದ ಹೊದಿಕೆಯುಂಟು. ಅದರಲ್ಲಿ ಲೆಕ್ಕವಿಲ್ಲದಷ್ಟು ಪತ್ರರಂಧ್ರಗಳು. ಆಹಾರಕ್ಕಾಗಿ ಗಾಳಿಯನ್ನು ಪಡೆಯಬೇಕಾದರೆ ರಂಧ್ರವನ್ನು ತೆರೆಯಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ಶೇಕಡ 95ಕ್ಕೂ ಹೆಚ್ಚು ಹೀಗೆಯೇ ಹೊರಹೋಗುವುದುಂಟು. ಆದುದರಿಂದ ನೀರು ಸಾಲದಾದಾಗ ಎಲೆಯು ಬಾಗಿಲನ್ನು ಮುಚ್ಚುತ್ತದೆ. ಅನಾನಸು, ಪಾಪಾಸುಕಳ್ಳಿಗಳಂತಹವು ಹಗಲೆಲ್ಲ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಕರ್ಮವು ಒಳಬರುವ ದ್ವಾರವು ಆಸ್ರವ, ಅದನ್ನು ತಡೆಯುವುದು ಸಂವರ ಎಂದು ಬಲ್ಲವರಿಗೆ ಈ ಎಲೆಯ ದೃಷ್ಟಾಂತ ಬಹಳ ಹತ್ತಿರದ್ದು. ಆದರೆ ಒಂದು ಅಂತರವಿದೆ. ಏಕೇಂದ್ರಿಯ ಜೀವಕ್ಕೆ ಮನಸ್ಸಿಲ್ಲ. ಎಲೆಯು ಮುಚ್ಚುವುದು ದೇಹಧರ್ಮದಿಂದ, ಸಂಕಲ್ಪದಿಂದಲ್ಲ. ಅದಕ್ಕೆ ಉಪವಾಸವಿಲ್ಲ, ಬರ ಮಾತ್ರ ಉಂಟು. ತುಂಬಿದ ಬಟ್ಟಲು ಎದುರಿಗಿರುವಾಗ ಕೈಯನ್ನು ಹಿಂದಕ್ಕೆ ಸೆಳೆಯುವ ಶಕ್ತಿ ಮನುಷ್ಯಪರ್ಯಾಯದಲ್ಲಿ ದೊರೆತಿದೆ. ಎಷ್ಟೋ ಕಾಲ ವನಸ್ಪತಿಕಾಯದಲ್ಲಿ ಅಲೆದು ಬಂದ ಜೀವಕ್ಕೆ ಈ ಶಕ್ತಿ ಸುಲಭವಾಗಿ ಬಂದದ್ದಲ್ಲ.

ಇದನ್ನು ಬಲ್ಲ ಶ್ರಾವಕನ ವ್ರತವು ಊಟದ ಎಲೆಯಲ್ಲಿಯೇ ಮುಗಿಯದು. ಆಲೂಗಡ್ಡೆಯನ್ನು ಬಿಟ್ಟವನು ಹಿತ್ತಲಿನ ಹಾವಸೆಯ ಮೇಲೆ ಸುಣ್ಣವನ್ನೋ ಪುಡಿಯನ್ನೋ ಚೆಲ್ಲಿ ಉಜ್ಜಿಸಿದರೆ ವ್ರತಕ್ಕೆ ಎಲ್ಲಿ ನೆಲೆ? ಮಳೆಗೆ ಮೊದಲೇ ಮೆಟ್ಟಿಲನ್ನು ಗುಡಿಸಿ, ನೀರು ನಿಲ್ಲದಂತೆ ಕಾಲುವೆಯನ್ನು ಬಿಡಿಸಿ, ಹಾವಸೆ ಹುಟ್ಟಲು ಆಸ್ಪದ ಕೊಡದಿರುವುದು ಯತ್ನಾಚಾರ. ಹುಟ್ಟಿದ ಮೇಲೆ ಒಂದು ಕಾಲುದಾರಿಯನ್ನು ನಿಶ್ಚಯಿಸಿ ಅದರಲ್ಲಿಯೇ ನಡೆಯುವುದು ವಿವೇಕ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಹಸಿಯಾದ ಬೇರು, ಹಣ್ಣು, ಸೊಪ್ಪು, ಕಂದ, ಹೂ, ಬೀಜಗಳನ್ನು ಅವನು ಸೇವಿಸನು. ಆ ಮೆಟ್ಟಿಲನ್ನು ಇನ್ನೂ ಏರದವರು ಪರ್ವದಿನಗಳಿಂದ ಆರಂಭಿಸಬಹುದು. ಅಳತೆ ಚಿಕ್ಕದಾದರೂ ಕಾರಣವನ್ನು ತಿಳಿದು ಮಾಡಿದ ತ್ಯಾಗವು ಮಳೆಯಲ್ಲಿ ಕರಗದು.

ಶ್ರವಣಬೆಳಗೊಳದ ಬೆಟ್ಟದ ಮೇಲೆ ಚಾವುಂಡರಾಯನು ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರನ ಕಾಲುಗಳನ್ನೂ ತೋಳುಗಳನ್ನೂ ಕಲ್ಲಿನ ಬಳ್ಳಿಯೊಂದು ಬಳಸಿದೆ. ಬಾಹುಬಲಿ ಸ್ವಾಮಿಯು ಒಂದು ವರ್ಷ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಯು ಮರದಂತೆ ದಪ್ಪ ಕಾಂಡವನ್ನು ಬೆಳೆಸದು. ಆಸರೆ ಸಿಕ್ಕಲ್ಲಿ ಹಬ್ಬುವುದು ಅದರ ಸ್ವಭಾವ. ಅಲುಗಾಡುವ ವಸ್ತುವಿನ ಮೇಲೆ ಅದು ಅಷ್ಟು ಎತ್ತರ ಏರಲಾರದು. ಯಾವ ಗ್ರಂಥವನ್ನು ನೇಮಿಚಂದ್ರರು ಚಾವುಂಡರಾಯನಿಗಾಗಿ ಬರೆದರೋ ಅದರ ಸಾರವನ್ನು ಶಿಲ್ಪಿಯು ಆ ಬಳ್ಳಿಯಲ್ಲಿ ತೋರಿಸಿದ್ದಾನೆ: ಯಾರಿಂದ ಒಂದು ಎಲೆಗೂ ಭಯವಿಲ್ಲವೋ ಅವನೇ ಅಹಿಂಸೆಯಲ್ಲಿ ನಿಂತವನು.

ಆ ಮೊಮ್ಮಗಳು ಮರುದಿನ ಅಡಿಗೆಮನೆಗೆ ಬಂದು ಮೊರವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಒಂದೊಂದು ಕಾಯನ್ನೂ ಮುರಿದು, ನಾರು ಬಂದುದನ್ನು ಒಂದು ಕಡೆ, ಬಾರದುದನ್ನು ಒಂದು ಕಡೆ ಇಟ್ಟಳು. “ಅಜ್ಜೀ, ಈ ಚಾತುರ್ಮಾಸಕ್ಕೆ ಎಳೆಯದನ್ನು ನಾನೂ ಬಿಡುತ್ತೇನೆ. ಗೆಡ್ಡೆಯನ್ನೂ ಬಿಡುತ್ತೇನೆ. ಏಕೆಂದು ಯಾರಾದರೂ ಕೇಳಿದರೆ ಈಗ ಹೇಳಬಲ್ಲೆ” ಎಂದಳು. ಅಜ್ಜಿ ಏನನ್ನೂ ಹೇಳಲಿಲ್ಲ. ಮೊರದಲ್ಲಿ ಉಳಿದಿದ್ದ ಕಾಯಿಗಳನ್ನು ಅವಳ ಕಡೆಗೆ ಸರಿಸಿದರು.